ಗೋಡೆಯಿಂದ ಇಳಿಸಬಾರದ ಫೋಟೋ

ಮಧುಗಿರಿಯ ನಮ್ಮ ಸ್ಟುಡಿಯೋಗೆ ಬರೋ ಹಳೇ ಫೋಟೋಗಳಲ್ಲಿ ನೆಟ್ಟಗಿರೋದು ಒಂದೂ ಇಲ್ಲ. ಅದಕ್ಕೆ ಕಾರಣ ನಮ್ಮ ಜನರ ಗೋಡೆ. ತೀರಿಕೊಂಡವರ ಫೋಟೋಗೆ ಕಟ್ಟು ಹಾಕಿಸಿ, ಸೂರಿನ ಹತ್ತಿರ, ಮುಂದಕ್ಕೆ ಬಾಗಿದ ಹಾಗೆ ನೇತು ಹಾಕ್ತಾರೆ. ಒಮ್ಮೆ ಕುಂಕುಮ ಇಟ್ಟು ಹಾರ ಹಾಕಿದರೆ ಮುಗೀತು, ಇಳಿಸೋ ಹಾಗಿಲ್ಲ. ಹಾಗಾಗಿ ಕೆಳಗೆ ನಿಂತು ಮೊಬೈಲಲ್ಲಿ ಹೊಡೀತಾರೆ. ಗಾಜಿನ ಮೇಲೆ ಟ್ಯೂಬ್‌ಲೈಟ್ ಹೊಳೆಯುತ್ತೆ ಅಂತ ಪಕ್ಕಕ್ಕೆ ಬೇರೆ ಸರೀತಾರೆ. ನನ್ನ ಹತ್ತಿರ ಬರೋ ಹೊತ್ತಿಗೆ ಕಟ್ಟಿನ ನಾಲ್ಕು ಮೂಲೆ ನಾಲ್ಕು ದಿಕ್ಕಿಗೆ ಹೋಗಿರುತ್ತೆ. "ಒಸಿ ಸರಿ ಮಾಡ್ಕೊಡಮ್ಮ, ಕಂಪ್ಯೂಟರ್ ಐತಲ್ಲ" ಅಂತಾರೆ. ಕಂಪ್ಯೂಟರ್ ಒಂದಿದ್ದರೆ ಸತ್ತವರೂ ಎದ್ದು ನೆಟ್ಟಗೆ ಕೂರ್ತಾರೆ ಅಂತ ಇವರ ಲೆಕ್ಕ.

ನಾನು ಬಳಸೋದು ಯಾರು ಬೇಕಾದರೂ ಒಳಗೆ ಕೈ ಹಾಕಿ ರಿಪೇರಿ ಮಾಡಬಹುದಾದ ಸಾಫ್ಟ್‌ವೇರ್. ಅದರ ಕೋಡ್ ಬಚ್ಚಿಟ್ಟಿಲ್ಲ. ಹಾಗೆ ಕೈ ಹಾಕುವವರು ದೇಶದೇಶಗಳಲ್ಲಿ ಇದ್ದಾರೆ, ಅವರಲ್ಲಿ ನಾನೂ ಒಬ್ಬಳು. ನನ್ನ ಪಾಲಿನ ಜಾಗ ಚಿತ್ರವನ್ನು ತಿರುಗಿಸೋ, ಎಳೆಯೋ, ವಾರೆ ಮಾಡೋ ಸಾಧನಗಳು. ಚಿತ್ರದ ಮೂಲೆಯಲ್ಲಿ ಸಣ್ಣ ಚೌಕ ಕಾಣುತ್ತಲ್ಲ, ಮೌಸಲ್ಲಿ ಹಿಡಿದು ಎಳೆದರೆ ಚಿತ್ರವೂ ಜೊತೆಗೆ ಬರುತ್ತಲ್ಲ, ಅದು. ಸ್ಟುಡಿಯೋ ಕಟ್ಟಿದ ನಮ್ಮಪ್ಪನಿಗೆ ಈ ಬಿಟ್ಟಿ ಕೆಲಸ ಒಂಚೂರೂ ಹಿಡಿಸಲ್ಲ. "ನಮ್ಮನೆ ರಾಗಿ ಅಂಗೇ ಬಿದ್ದೈತೆ, ನೀನು ಊರೋರ್ ರಾಗಿ ಬೀಸ್ಕೊಡು" ಅಂತ ಗೊಣಗ್ತಾನೆ. ಗೊಣಗಲಿ ಬಿಡಿ. ಆ ಬೀಸೋದರಲ್ಲಿರೋ ಸುಖ ನನಗೆ ಗೊತ್ತು.

ಒಂದು ಮಧ್ಯಾಹ್ನ ಪಾವಗಡದ ಆಚೆ ರಾಯಚರ್ಲಿನಿಂದ ತಾಯಿ ಮಗಳು ಬಂದರು. ಮಗಳು ಸೋಲಾರ್ ಪಾರ್ಕಿನಲ್ಲಿ ಕೆಲಸಕ್ಕೆ ಹೋಗೋಳು, ಮದುವೆ ಗೊತ್ತಾಗಿತ್ತು, ಕೊರಟಗೆರೆ ಕಡೆ ಗಂಡು. ಅವಳು ಕೈಗೂಸಾಗಿದ್ದಾಗಲೇ ಅಪ್ಪ ಹೋಗಿದ್ದ. ಮಂಟಪದ ಪಕ್ಕ ಕುರ್ಚಿ ಮೇಲೆ ಅವನ ದೊಡ್ಡ ಫೋಟೋ ಇಡಬೇಕು, ತಾಳಿ ಕಟ್ಟಿಸಿಕೊಂಡ ಮೇಲೆ ಮೊದಲ ನಮಸ್ಕಾರ ಅದಕ್ಕೇ ಅಂತ ಹುಡುಗಿಯ ಹಟ. ಇದ್ದದ್ದು ಒಂದೇ ಫೋಟೋ, ಗೋಡೆ ಮೇಲೆ. ಇಳಿಸೋಕೆ ಅಜ್ಜಿ, ಅಂದರೆ ಸತ್ತವನ ತಾಯಿ, ಬಿಟ್ಟಿರಲಿಲ್ಲ. ಹುಡುಗಿ ಮೊಬೈಲಲ್ಲಿ ಹೊಡೆದದ್ದನ್ನೇ ಬೇರೆ ಯಾವುದೋ ಅಂಗಡಿಯಲ್ಲಿ ದೊಡ್ಡದು ಮಾಡಿಸಿ ತಂದಿದ್ದರು.

ತಾಯಿ ಆ ಪ್ರಿಂಟನ್ನು ನನ್ನ ಮೇಜಿನ ಮೇಲೆ ಬಿಚ್ಚಿಟ್ಟಳು. "ಮಾ ಆಯನ ಕಾದಮ್ಮಾ ಇದಿ" ಅಂತ ತೆಲುಗಲ್ಲಿ ಅಂದಳು. ಇವರು ನನ್ನ ಗಂಡ ಅಲ್ಲ ಕಣಮ್ಮ ಅಂತ. ಕಟ್ಟು ನೆಟ್ಟಗಾಗಿತ್ತು ನಿಜ, ಆದರೆ ಮುಖ ಅಗಲವಾಗಿ ಹಪ್ಪಳದ ಹಾಗಾಗಿತ್ತು.

"ಅಯ್ಯೋ, ಇದೇನು ಮಹಾ" ಅಂತ ನಾನು ಕೂತೆ. ಹುಡುಗಿಯ ಮೊಬೈಲಿನ ಫೋಟೋ ತೆಗೆದು, ನಾಲ್ಕು ಚೌಕಗಳನ್ನು ಕಟ್ಟಿನ ನಾಲ್ಕು ಮೂಲೆ ಮೇಲೆ ಕೂರಿಸಿದೆ. ಚಿತ್ರ ನೆಟ್ಟಗಾಯಿತು. ಆದರೆ ನೆಟ್ಟಗಾದ ಕಟ್ಟು ಎಷ್ಟು ಉದ್ದ, ಎಷ್ಟು ಅಗಲ? ಅದು ಸಾಧನಕ್ಕೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅಂಚು ಹಿಡಿದು ಎಳೆದೆ. "ಇಷ್ಟಿತ್ತಾ ಮುಖ?" "ಹ್ಞೂಂ, ಅಂಗೇ ಇದ್ರು." ಒಂಚೂರು ಸಣ್ಣ ಮಾಡಿದೆ. "ಇದೂ ಅಂಗೇ ಐತೆ." ಇನ್ನೊಂಚೂರು. ಅವಳು ಥಟ್ಟನೆ ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡಳು. "ನಿಲ್ಸಮ್ಮ, ನಿಲ್ಸು! ನೋಡ್ತಾ ನೋಡ್ತಾ ಅವರ ಮುಖಾನೇ ಮರ್ತೋಗ್ತಾ ಐತೆ!"

ನನ್ನ ಕೈ ಮೌಸಿನ ಮೇಲೇ ನಿಂತಿತು. ಇಷ್ಟು ವರ್ಷ ಜೋಪಾನ ಮಾಡಿಕೊಂಡು ಬಂದ ಮುಖವನ್ನು ನಾನು ಅವಳ ಕಣ್ಣೆದುರೇ ಎಳೆದಾಡಿ ಅಳಿಸ್ತಾ ಇದ್ದೆ. ಕಂಪ್ಯೂಟರ್ ಆರಿಸಿ ಇಬ್ಬರಿಗೂ ಟೀ ತರಿಸಿದೆ.

"ಇಳಿಸೋದು ಬೇಡ, ಅಳೆಯೋಕೇನಡ್ಡಿ? ಕಟ್ಟಿನ ಉದ್ದ ಅಗಲ ಅಳೆದು ಹೇಳ್ರಮ್ಮ" ಅಂತ ಕಳಿಸಿಕೊಟ್ಟೆ. ಮಾರನೇ ದಿನ ಹುಡುಗಿ ಫೋನ್ ಮಾಡಿದಳು, ದನಿ ಸಣ್ಣಗಿತ್ತು. ಬೇರೆಯವರು ಮುಟ್ಟಬಾರದು ಅಂತ ಅಜ್ಜಿ ತಾನೇ ಸ್ಟೂಲ್ ಹತ್ತಿದಳಂತೆ. ಟೇಪೂ ಬೇಡ ಗೀಪೂ ಬೇಡ ಅಂತ ಬೆರಳಿಟ್ಟು ಅಳೆದಳಂತೆ. "ಉದ್ದ ಹದಿನೈದು ಬೆರಳು, ಅಗಲ ಹನ್ನೆರಡು ಅಂತೆ ಅಕ್ಕ. ಇಂಗೆಲ್ಲ ಅಳ್ದ್ರೆ ಆಯ್ತದಾ?"

ಭಲೇ ಅಜ್ಜಿ! ಯಾಕಾಗಲ್ಲ? ಬೆರಳಾದರೇನು, ಇಂಚಾದರೇನು. ನನಗೆ ಬೇಕಿದ್ದದ್ದು ಉದ್ದಕ್ಕೂ ಅಗಲಕ್ಕೂ ಇರೋ ಹೊಂದಿಕೆ ಮಾತ್ರ. ಅದು ಸಿಕ್ಕಿತು.

ಆ ಲೆಕ್ಕ ಹಿಡಿದು ಫೋಟೋವನ್ನು ಆಮೇಲೆ ಕುಗ್ಗಿಸಿ ಹಿಗ್ಗಿಸಿ ಸರಿ ಮಾಡಬಹುದಿತ್ತು. ಎಲ್ಲರೂ ಮಾಡೋದೇ ಹಾಗೆ. ಆದರೆ ಅದಕ್ಕೆ ಮೊದಲು ತೆರೆ ಮೇಲೆ ಸುಳ್ಳು ಮುಖ ಒಂದು ಬಂದು ಹೋಗುತ್ತಲ್ಲ? ಅದೇ ನನಗೆ ಬೇಡವಾಗಿತ್ತು. ಹೊಂದಿಕೆಯನ್ನು ಸಾಧನಕ್ಕೆ ಮೊದಲೇ ಹೇಳಿಬಿಟ್ಟರೆ, ಮೂಲೆಗಳನ್ನು ಎಷ್ಟೇ ಸರಿಸಾಡಿದರೂ ಮುಖ ಕೆಡಬಾರದು. ಬೇರೆ ಮುಖ ಎದುರಿಗೆ ಬರಲೇಬಾರದು. ಕೋಡ್ ಬರೆದೆ. ಮೊದಲ ಸಲ ಚಿತ್ರ ತಲೆಕೆಳಗಾಯಿತು. ಆಮೇಲೆ ಮೂಲೆ ಹಿಡಿದರೆ ಜಿಂಕೆ ಹಾಗೆ ನೆಗೆದು ಎಲ್ಲೋ ಹೋಗೋದು. ಬೈದೆ, ಅಳಿಸಿದೆ, ಮತ್ತೆ ಬರೆದೆ. ಕೊನೆಗೆ ಬೆಣ್ಣೆ ಹಾಗೆ ಸರೀತು. ಅಂಗಡಿಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿಕೊಂಡೆ.

ನಾವು ಬರೆದದ್ದನ್ನು ಇನ್ನೊಬ್ಬರು ಪರೀಕ್ಷೆ ಮಾಡಿ ಒಪ್ಪಿದರೆ ಮಾತ್ರ ಅದು ಎಲ್ಲರ ಸಾಫ್ಟ್‌ವೇರಿಗೆ ಸೇರೋದು. ನನ್ನದನ್ನು ನೋಡಿದವನು ಎಲ್ಲೋ ಹೊರದೇಶದವನು, ಅವನ ಮುಖ ನಾನು ನೋಡಿದ್ದಿಲ್ಲ. ಫೋಟೋ ಕೆಳಗಿಳಿಸಿ ಮೇಜಿನ ಮೇಲಿಟ್ಟು ನೇರವಾಗಿ ತೆಗೆದರೆ ಇದೆಲ್ಲ ಯಾಕೆ ಬೇಕು ಅಂತ ಬರೆದ. ಮೈಯೆಲ್ಲ ಉರೀತು. ಬಾರಯ್ಯಾ ರಾಯಚರ್ಲಿಗೆ, ಬಂದು ಅಜ್ಜಿಗೆ ನೀನೇ ಹೇಳು ಅನ್ನಿಸಿತು. ಹಾಗೆ ಬರೆಯಲಿಲ್ಲ. ನಮ್ಮ ಮನೆಗಳ ಗೋಡೆ ಬಗ್ಗೆ ಬರೆದೆ. ಕುಂಕುಮ, ಹಾರ, ಬಾಗಿದ ಕಟ್ಟು, ಕಣ್ಣು ಮುಚ್ಚಿಕೊಂಡ ಆ ತಾಯಿ, ಎಲ್ಲ ಬರೆದೆ. ಸರಿ, ಹಾಗಾದರೆ ಅಳತೆ ಯಾವ ಮಾನದಲ್ಲಿ ಅಂತ ಕೇಳಿದ. ಯಾವುದೂ ಇಲ್ಲ, ಬರೀ ಎರಡು ಅಂಕಿ, ಬೆರಳಲ್ಲಿ ಅಳೆದರೂ ನಡೆಯಬೇಕು ಅಂದೆ. ಸ್ವಲ್ಪ ಜಗ್ಗಾಡಿದ. ನಾನೂ ಜಗ್ಗಾಡಿದೆ, ಬಿಡೋ ಜಾಯಮಾನ ನನ್ನದಲ್ಲ. ಕೊನೆಗೆ ಒಪ್ಪಿದ, ಸೇರಿತು.

ಹೆಮ್ಮೆಯಾಗಲಿಲ್ಲ ಅಂತ ಸುಳ್ಳು ಹೇಳೋಳಲ್ಲ ನಾನು. ಕಂಡಾಪಟ್ಟೆ ಆಯಿತು. ನಾನು ಕಾಣದ ಊರಲ್ಲಿ ಯಾರೋ ಆ ಮೂಲೆ ಹಿಡಿದು ಎಳೆದಾಗ ಪಾವಗಡದ ಅಜ್ಜಿಯ ಬೆರಳಿನ ಲೆಕ್ಕ ಒಳಗೆ ಕೂತಿರುತ್ತೆ. ಅಪ್ಪನಿಗೆ ಹೇಳಿದೆ. "ಸರಿ, ಮುಖ ಸರಿಯಾಯ್ತಾ?" ಅಂದ. ಅಷ್ಟೇ ಕೇಳಿದ್ದು. ಅಳತೆ ಸರಿ ಅಂತ ಹೇಳಬಲ್ಲೆ, ಆ ಮನುಷ್ಯನನ್ನು ನಾನು ಕಂಡಿದ್ದೀನಾ?

ಮದುವೆ ಸೀರೆ ತೆಗೆಯೋಕೆ ಮೂವರೂ ಮಧುಗಿರಿಗೆ ಬಂದ ದಿನ ಸ್ಟುಡಿಯೋಗೆ ಬಂದರು. ಅಜ್ಜಿಯನ್ನು ನಾನು ಅವತ್ತೇ ನೋಡಿದ್ದು. ಒಣಕಲು ಮೈ, ಗಟ್ಟಿ ಗಂಟಲು. ಪ್ರಿಂಟನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆ. ತಾಯಿ ಒಳಗೆ ಬಂದವಳೇ ಬಾಗಿಲ ಕಡೆ ತಿರುಗಿ ನಿಂತುಬಿಟ್ಟಳು. "ನಾನ್ ನೋಡಲ್ಲಮ್ಮ, ನೀವ್ ನೋಡ್ರಿ. ಇದೂ ಅವರಲ್ದಿದ್ರೆ ನನ್ ಕೈಲಾಗಲ್ಲ" ಅಂದಳು. ಹುಡುಗಿ ಅಜ್ಜಿಯ ಮುಖವನ್ನೇ ನೋಡ್ತಾ ಇದ್ದಳು.

ಅಜ್ಜಿ ಹತ್ತಿರ ಹೋದಳು. ಸೆರಗಲ್ಲಿ ಕಣ್ಣು ಒರೆಸಿಕೊಂಡು ನೋಡಿದಳು. ಆಮೇಲೆ ಸೊಂಟದ ಮೇಲೆ ಕೈ ಇಟ್ಟುಕೊಂಡು ಫೋಟೋದಲ್ಲಿದ್ದ ಮಗನಿಗೇ ಬೈಯೋಕೆ ಶುರು ಮಾಡಿದಳು.

"ಏಮ್ರಾ! ಕಟಿಂಗ್ ಮಾಡಿಸ್ಕಂಡ್ ಫೋಟೋಗ್ ಹೋಗ್ಲಾ ಅಂತ ಬಡ್ಕಂಡೆ ಅವತ್ತು. ಅದೇ ಕಾಡ್ ಕೂದ್ಲಾಗೇ ಹೋಗಿ ಕುಂತಿದೀಯಲ್ಲೋ ಮೂದೇವಿ!"

ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ನಗ್ತಿದ್ದಳೋ ಅಳ್ತಿದ್ದಳೋ ನನಗೆ ತಿಳೀಲಿಲ್ಲ. "ಅಪ್ಪ ಮಾತು ಕೇಳ್ತಿರ್ಲಿಲ್ವಾ ಅಜ್ಜಿ?"

"ಯಾವತ್ ಕೇಳಿದ್ದ ಇವ್ನು? ಥೇಟ್ ನಿನ್ನಂಗೇ."

ಬಾಗಿಲ ಹತ್ತಿರ ನಿಂತಿದ್ದ ತಾಯಿ ಆ ಬೈಗುಳ ಕೇಳಿ ನಿಧಾನಕ್ಕೆ ತಿರುಗಿದಳು. ನೋಡಿದಳು.

"ನಾನೂ ಹೇಳಿದ್ದೆ ಅತ್ತೆ" ಅಂದಳು. "ನನ್ ಮಾತೂ ಕೇಳ್ಲಿಲ್ಲ."