ಯಾಕೂಬಸಾಬನ ಒಂದೇ ಗಂಟು

ಇಲಕಲ್ಲಿನ ಬಣ್ಣಗಾರ ಯಾಕೂಬಸಾಬನಿಗೆ ಜನ್ಮದಲ್ಲಿ ಬಾರದ ಮಾತು ಒಂದೇ: ಸಾಕು. ನೇಕಾರರು ತಿಳಿಗೆಂಪು ಬೇಕೆಂದು ನೂಲು ಕೊಟ್ಟು ಹೋದರೆ ಸಂಜೆಗೆ ಅವರ ಕೈಗೆ ಬರುತ್ತಿದ್ದುದು ದಾಳಿಂಬೆಗೆಂಪು. "ತಿಳಿ ಅಂದಿದ್ನೆಲ್ಲೋ ಯಾಕೂಬಾ?" ಎಂದು ಅವರು ಜಗಳಕ್ಕೆ ನಿಂತರೆ, "ಹಂಡ್ಯಾಗ ತಿಳೀನ ಇತ್ರಿ. ಕಡೀಕ ಬರೇ ಒಂದು ಚಿಟಿಕಿ ಹಾಕೇನಿ" ಎನ್ನುವನು. ಆ ಚಿಟಿಕೆಯ ಗಾತ್ರ ಊರಿಗೆಲ್ಲ ಗೊತ್ತಿತ್ತು. ಅವನು ಬಡಿಸಿದರೆ ತಾಟು ಕಾಣುತ್ತಿರಲಿಲ್ಲ. ಯಾರಾದರೂ ದಾರಿ ಕೇಳಿದರೆ ಕೈ ತೋರಿಸಿ ಸುಮ್ಮನಾಗದೆ ಅವರ ಜೊತೆ ಊರ ಹೊರಗಿನ ತನಕ ನಡೆದು ಹೋಗುವನು. ಕತೆ ಹೇಳಲು ಕುಳಿತರೆ, ಕೇಳುವವರು ಆಕಳಿಸಿದ ಮೇಲೂ ಇನ್ನೊಂದು ಕವಲು ಒಡೆಯುತ್ತಿತ್ತು. ಈ ಕೊನೆಯ ರೋಗ ಬರೆಯುವವರಿಗೂ ಇರುವುದರಿಂದ ಅದಕ್ಕಾಗಿ ಅವನನ್ನು ಹಂಗಿಸುವ ಅಧಿಕಾರ ನಮಗಿಲ್ಲ.

ಇಂಥವನಿಗೆ ದೇವರು ಮೌಲಾಬಿಯನ್ನು ಹೆಂಡತಿಯಾಗಿ ಕೊಟ್ಟಿದ್ದ. ಅವಳು ನಗುವುದಿದ್ದರೂ ಅರ್ಧ ನಕ್ಕು ಉಳಿದರ್ಧವನ್ನು ನಾಳೆಗೆ ಇಡುವ ಹೆಂಗಸು. ಅದಕ್ಕೆ ಕಾರಣವೂ ಇತ್ತು. ಅವಳ ಮೂರು ಕೂಸುಗಳು ಒಂದಾದ ಮೇಲೊಂದು ತೊಟ್ಟಿಲಲ್ಲೇ ಹೋಗಿದ್ದವು. ಮೂರಕ್ಕೂ ಯಾಕೂಬಸಾಬ ಹುಟ್ಟುವ ಮೊದಲೇ ಕುಂಚಿಗೆ ಹೊಲಿಸಿದ್ದ, ಗೆಜ್ಜೆ ತಂದಿದ್ದ, ಓಣಿಗೆಲ್ಲ ತೋರಿಸಿಕೊಂಡು ಬಂದಿದ್ದ. ಮೌಲಾಬಿಯ ಮನಸ್ಸಿನಲ್ಲಿ ಒಂದು ಮಾತು ಕೂತುಬಿಟ್ಟಿತು: ಈ ಮನುಷ್ಯನ ಪ್ರೀತಿಗೇ ದೃಷ್ಟಿಯಾಗುತ್ತದೆ.

ನಾಲ್ಕನೆಯ ಕೂಸು ಹೊಟ್ಟೆಯಲ್ಲಿದ್ದಾಗ ಅವಳು ದರ್ಗಾದ ಹೊಸ್ತಿಲಿಗೆ ಹಣೆ ಹಚ್ಚಿ ಹರಕೆ ಹೊತ್ತಳು. ಈ ಕೂಸು ಉಳಿದರೆ ಐದು ವರ್ಷ ತುಂಬುವ ತನಕ ಪೀರನ ಫಕೀರನಾಗಿ ಬೆಳೆಯುತ್ತದೆ. ನಮ್ಮ ಮನೆಯ ಒಂದೆಳೆ ನೂಲು ಅದರ ಮೈಮೇಲೆ ಬೀಳುವುದಿಲ್ಲ. ಉಡುವುದು, ತೊಡುವುದು, ಆಡುವುದು ಎಲ್ಲವೂ ನಾಲ್ಕು ಮನೆ ಬೇಡಿ ತಂದದ್ದು. ಆ ಸೀಮೆಯಲ್ಲಿ ಇಂಥ ಹರಕೆ ಹೊಸದಲ್ಲ. ಆದರೆ ನೂಲಿನಿಂದಲೇ ಅನ್ನ ಉಣ್ಣುವ ಮನೆಯಲ್ಲಿ ನೂಲೇ ಮೈಲಿಗೆಯಾಯಿತಲ್ಲ ಎಂದು ಯಾಕೂಬಸಾಬ ಹಂಡೆಯ ಮುಂದೆ ಕೂತು ಒಬ್ಬನೇ ಗೊಣಗಿದ.

ಹೆಣ್ಣು ಹುಟ್ಟಿತು. ಫಕೀರಬಿ ಎಂದು ಹೆಸರಿಟ್ಟರು. ಕೂಸು ಉಳಿಯಿತು, ಉಳಿದದ್ದಷ್ಟೇ ಅಲ್ಲ, ಓಣಿಯ ನಾಯಿಗಳೇ ದಾರಿ ಬಿಡುವಷ್ಟು ಗಟ್ಟಿಯಾಯಿತು. ಕಾಲು ಬಂದಾಗಿನಿಂದ ಹಬ್ಬದ ದಿನ ಹಸಿರು ಜೋಳಿಗೆ ಹೆಗಲಿಗೆ ಹಾಕಿಕೊಂಡು ಮನೆ ಮನೆಯ ಮುಂದೆ ನಿಲ್ಲುವುದು ಅದರ ಪದ್ಧತಿ. ಕುರಿ ಸಾಕುವ ಕನಕಪ್ಪನ ಹೆಂಡತಿ ಹನಮವ್ವ ಕಂಬಳಿಯ ತುಂಡು ಕೊಟ್ಟಳು. ಮಗ್ಗದ ಮನೆಯ ಸುಂದರವ್ವ ತನ್ನ ಮೊಮ್ಮಗಳ ಹಳೆಯ ಲಂಗ ಕೊಟ್ಟಳು.

ಯಾಕೂಬಸಾಬನಿಗೆ ಇದನ್ನು ತಡೆಯಲಾಗಲಿಲ್ಲ. ಒಂದು ಜರಿಯ ಟೊಪ್ಪಿಗೆ ಕೊಂಡು ಅಂಗಿಯೊಳಗೆ ಮುಚ್ಚಿಕೊಂಡು ಹನಮವ್ವನ ಮನೆಗೆ ಹೋದ.

"ಯಕ್ಕಾ, ಇದನ್ನ ನೀ ಕೊಟ್ಟಂಗ ಕೊಡು. ಆಕಿಗೆ ಹೇಳಬ್ಯಾಡ."

"ಯಾರಿಗೆ? ಕೂಸಿಗೋ, ಕೂಸಿನವ್ವಗೋ?"

"ಇಬ್ಬರಿಗೂ."

ಹನಮವ್ವ ಕೊಟ್ಟಳು. ಕೂಸು ಅದನ್ನು ತಲೆಯಿಂದ ಇಳಿಸಲಿಲ್ಲ. ಕೇಳಿದವರಿಗೆಲ್ಲ "ಹನಮವ್ವಾಯಿ ಟೊಪಗಿ" ಎಂದು ಹೇಳಿಕೊಂಡು ತಿರುಗಿತು. ಯಾಕೂಬಸಾಬನೂ ಕೇಳಿದ. "ಯಾರ ಕೊಟ್ರಬೇ?" "ಹನಮವ್ವಾಯಿ." "ಭಾಳ ಚಲೋ ಮನಶಾಳ ಬಿಡು" ಎಂದು ಹೇಳಿ ಒಳಗೆ ಹೋಗಿ ಸುಮ್ಮನೆ ನೀರು ಕುಡಿದ.

ಹೀಗೆ ಐದು ವರ್ಷ ತುಂಬಿತು. ಆ ವರ್ಷ, ಅಂದರೆ ಬಾಗಲಕೋಟೆಗೆ ರೈಲು ಬಂದು ಇಪ್ಪತ್ತು ವರ್ಷ ದಾಟಿದ್ದ ಕಾಲ, ರಮಜಾನ್ ತಿಂಗಳ ಮೊದಲೇ ದರ್ಗಾಕ್ಕೆ ಹೋಗಿ ಸಕ್ಕರೆಯ ಮೇಲೆ ಫಾತಿಹಾ ಓದಿಸಿದರು. ಕೂಸಿನ ಕೊರಳಿನ ಹಸಿರು ದಾರ ಬಿಚ್ಚಿದರು. ಹರಕೆ ತೀರಿತು ಎಂದು ಎಲ್ಲರೂ ಸಕ್ಕರೆ ತಿಂದರು. ಫಕೀರಬಿ ಮಾತ್ರ ಅಷ್ಟೂ ಹೊತ್ತು ಅಪ್ಪನ ಹೆಗಲ ಮೇಲೆ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು.

ಹಬ್ಬ ಹತ್ತಿರ ಬಂದಂತೆ ಯಾಕೂಬಸಾಬನ ಕೈ ತುರಿಸತೊಡಗಿತು. ಈ ಸಲ ಯಾರ ಕೈಯಿಂದಲೂ ಅಲ್ಲ, ತನ್ನ ಕೈಯಿಂದ ಕೊಡಬೇಕು. ಕೂಸು ಇಸಿದುಕೊಳ್ಳಬೇಕು. "ನಮ್ಮ ಅಬ್ಬಾ ಕೊಟ್ಟಾನ" ಎಂದು ಓಣಿಯಲ್ಲಿ ಹೇಳಬೇಕು. ಅದೊಂದೇ ಆಸೆ. ಆದರೆ ಎಷ್ಟು ಕೊಡಬೇಕು?

"ಒಂದು," ಎಂದಳು ಮೌಲಾಬಿ, ಶಾವಿಗೆ ಹುರಿಯುತ್ತ.

"ಐದ ವರ್ಷದ್ದು ಬಾಕಿ ಐತಿ."

"ಕೂಸಿಗೆ ಬಾಕಿ ಗೀಕಿ ತಿಳಿಯಂಗಿಲ್ಲ. ಬೇಡಿದ ಬಟ್ಟ್ಯಾಗ ಉಳದೈತಿ ಅದು. ಒಮ್ಮಿಗೇ ರಾಣಿ ಮಾಡಿ ಬಜಾರಕ್ಕ ನಿಂದ್ರಸಬ್ಯಾಡ್ರಿ. ಒಂದ ಕೊಡ್ರಿ, ಕಣ್ಣಿಗೆ ಬೀಳದಂಗ ಕೊಡ್ರಿ."

"ಕಣ್ಣಿಗೆ ಬೀಳದಂಗ ಕೊಡೂದಂದ್ರ ಹೆಂಗ? ಕತ್ಲಾಗೇನು?"

"ನೋಡ್ರಿ, ನಿಮಗ ನಗಿ. ನನಗ ಎದಿ ಹೊಡಕೊಂತೈತಿ."

ಆ ಮಾತಿಗೆ ಅವನು ಒಂದೇ ತರುತ್ತೇನೆಂದು ಒಪ್ಪಿದ. ಅದನ್ನೂ ಮೊದಲೇ ನಿಶ್ಚಯಿಸಿಟ್ಟಿದ್ದ. ತಾನೇ ಬಣ್ಣ ಕಟ್ಟಿದ ನೂಲನ್ನು ಸುಂದರವ್ವನ ಮಗ್ಗಕ್ಕೆ ಕೊಟ್ಟು ಕೆಂಪು ಲಂಗಕ್ಕೆ ಅರಿವೆ ನೇಯಿಸಿದ್ದ. ಹೊಲಿದ ಲಂಗ ತರುವುದೊಂದೇ ಬಾಕಿ. ಅಷ್ಟಕ್ಕೇ ಮನೆಗೆ ಬಂದಿದ್ದರೆ ಒಪ್ಪಂದ ಉಳಿಯುತ್ತಿತ್ತು. ಆದರೆ ದರ್ಜಿಯ ಮನೆಯಿಂದ ಬರುವ ದಾರಿಯಲ್ಲಿ ಬಳೆಗಾರ ಅಹ್ಮದಸಾಬನ ಅಂಗಡಿ ಇತ್ತು. ಅದನ್ನು ಬೇರೆ ಕಡೆ ಇಡಬೇಕಿತ್ತು, ಯಾರೂ ಯೋಚಿಸಲಿಲ್ಲ.

ಅಹ್ಮದಸಾಬ ಬಾಗಲಕೋಟೆಯ ಸ್ಟೇಷನ್ನಿನಿಂದ ಮಾಲು ತರಿಸುವವನು. ಗಾಜಿನ ಬಳೆಗಳ ಹಿಂದೆ ಒಂದು ಕಟ್ಟಿಗೆಯ ಕುದುರೆ ನಿಂತಿತ್ತು. ಕಾಲಿಗೆ ಗಾಲಿ, ಬೆನ್ನಿಗೆ ಹಳದಿ ಜೀನು.

"ಇದೇನೋ ಅಹ್ಮದಾ?"

"ಹ್ವಾದ ಚಳಿಗಾಲಕ್ಕ ಗುಳೇದಗುಡ್ಡದ ಪಾದ್ರಿ ಸಾಹೇಬ್ರ ಮನಿಯಾಕಿ ಅವರ ಕ್ರಿಸ್ಮಸ್ ಹಬ್ಬಕ್ಕ ಅಂತ ಇಂಥಾವು ಮೂರು ತರ್ಸಿದ್ರು. ಒಂದು ಉಳೀತು. ಆ ಬಾಯಾರೂ ನಿನ್ನಂಗ ಕೂತಿದ್ರು ನೋಡು, ಮಗಾಗ ಒಂದು ಕೊಡ್ಲೋ ಎರಡು ಕೊಡ್ಲೋ ಅಂತ."

"ಕಡೀಕ ಎಷ್ಟು ಕೊಟ್ರು?"

"ಒಂದ ತಗೊಂಡು ಹೋದ್ರು. ಮರುದಿನ ಆಳ್ನ ಕಳಿಸಿ ಮತ್ತೊಂದು ತರ್ಸಿದ್ರು."

ಯಾಕೂಬಸಾಬನಿಗೆ ತಾನು ಕಂಡೇ ಇಲ್ಲದ ಆ ಪಾದ್ರಿಯ ಮನೆಯಾಕೆಯ ಮೇಲೆ ಒಮ್ಮೆಲೇ ಬಂಧುತ್ವ ಹುಟ್ಟಿತು. ಕುದುರೆ ಕೆಳಗಿಳಿಯಿತು. ಕುದುರೆ ಹತ್ತುವವಳ ಕಾಲು ಬರಿದಿದ್ದರೆ ಹೇಗೆಂದು ಗೆಜ್ಜೆಯ ಚಪ್ಪಲಿ ಬಂದವು. ಕಾಲಿಗೆ ಇದ್ದು ಕೈಗೆ ಇಲ್ಲದಿದ್ದರೆ ಕೈಗೆ ಬೇಸರವಾಗುತ್ತದೆಂದು ಹಸಿರು ಬಳೆ. ಎಲ್ಲ ಕಟ್ಟುವಾಗ ಅಹ್ಮದಸಾಬ ತಗಡಿನ ಪೀಪಿಯೊಂದನ್ನು ಸುಮ್ಮನೆ ಊದಿದ. ಅದೂ ಗಂಟಿಗೆ ಬಿತ್ತು.

ಮನೆಯ ಬಾಗಿಲಲ್ಲಿ ಮೌಲಾಬಿ ನಿಂತಿದ್ದಳು.

"ಎಷ್ಟು?"

"ಒಂದ."

"ಏನದು?"

"ಗಂಟು."

ಮೌಲಾಬಿ ಗಂಟು ಬಿಚ್ಚಿ ನೋಡಿದಳು. ಬೈಯಲಿಲ್ಲ. ಅವಳು ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಲಂಗವೊಂದನ್ನು ಬೇರೆ ತೆಗೆದಿಟ್ಟು ಉಳಿದದ್ದನ್ನು ಮತ್ತೆ ಕಟ್ಟಿ ಗೋಡೆಯ ನಾಗೊಂದಿಯ ಹಲಗೆಯ ಮೇಲೆ, ಹಳೆಯ ಗಡಿಗೆಗಳ ಹಿಂದೆ ಸರಿಸಿದಳು. "ಇವು ಒಂದೊಂದು ಹಬ್ಬಕ್ಕ ಒಂದೊಂದು. ನಾಳಿಗೆ ಲಂಗ ಒಂದ. ನಿಮ್ಮ ಬಣ್ಣದ್ದು, ನಿಮ್ಮ ಕೈಲೇ ಕೊಡ್ರಿ. ಇನ್ನೇನು ಬೇಕ್ರಿ ನಿಮಗ?"

ಖರೆ ಹೇಳಬೇಕೆಂದರೆ ಅವನಿಗೆ ಕುದುರೆಯೂ ಬೇಕಿತ್ತು.

ಹಬ್ಬದ ದಿನ ಯಾಕೂಬಸಾಬ ಈದ್ಗಾದಿಂದ ನಮಾಜು ಮುಗಿಸಿ, ಎದುರಿಗೆ ಸಿಕ್ಕವರನ್ನೆಲ್ಲ ಅಪ್ಪಿಕೊಂಡು ಮನೆಗೆ ಬಂದರೆ ಫಕೀರಬಿ ಇರಲಿಲ್ಲ. ಗೂಟದ ಮೇಲಿನ ಹಸಿರು ಜೋಳಿಗೆಯೂ ಇರಲಿಲ್ಲ. ಮಗಳು ಪದ್ಧತಿಯಂತೆ ಓಣಿಗೆ ಹೊರಟುಬಿಟ್ಟಿದ್ದಳು. ಓಣಿಯವರಾದರೋ ಹರಕೆ ತೀರಿದ್ದನ್ನು ಬಲ್ಲವರು. ಈ ವರ್ಷ ಕೊಡುವ ಸಂತೋಷ ಅಪ್ಪನದಾಗಲಿ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದರು. ಹನಮವ್ವ ಕೂಸಿನ ಗದ್ದ ಹಿಡಿದು, "ನಾ ಈ ಸಲ ಕೊಡಂಗಿಲ್ಲವ್ವಾ. ನಿಮ್ಮಪ್ಪ ಕೊಡ್ತಾನ, ಮನಿಗಿ ಹೋಗು" ಎಂದಳು. ಸುಂದರವ್ವನೂ ಹಾಗೇ ಹೇಳಿದಳು.

ಫಕೀರಬಿ ಖಾಲಿ ಜೋಳಿಗೆ ಎಳೆದುಕೊಂಡು ಬಂದಳು. ಮುಖ ಅಳುವುದಕ್ಕೆ ಸಿದ್ಧವಾಗಿತ್ತು.

ಯಾಕೂಬಸಾಬ ಕಾದಿದ್ದ ಗಳಿಗೆ ಇದೇ. ಲಂಗವನ್ನು ಎರಡೂ ಕೈಯಲ್ಲಿ ಹಿಡಿದು ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತ. "ತಗೋಬೇ. ನಾ ಕೊಡ್ತೇನಿ."

ಮಗಳು ಲಂಗ ನೋಡಿದಳು. ಕಣ್ಣು ಅರಳಿದವು. ಬೆರಳು ಮುಂದೆ ಬಂದು, ಬೆಂಕಿ ಮುಟ್ಟಿದಂತೆ ಹಿಂದೆ ಹೋಯಿತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಒಲ್ಲೆ. ನಮ್ಮನೀದು ಇಸ್ಕೋಬಾರ್ದು. ಪೀರಾ ಸಿಟ್ಟಾಗ್ತಾನ."

"ಹರಕಿ ಮುಗೀತವ್ವಾ. ಅವತ್ತ ದರ್ಗಾಕ್ಕ ಹೋಗಿದ್ವೆಲ್ಲ, ಸಕ್ಕರಿ ಓದಿಸಿದ್ವೆಲ್ಲ..."

"ನನಗ ಯಾರೂ ಹೇಳಿಲ್ಲ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಪೀರನಿಗೆ ಹೇಳಿದ್ದರು, ಓಣಿಗೆ ಹೇಳಿದ್ದರು, ಹುನಗುಂದದ ಬೀಗರಿಗೂ ಹೇಳಿ ಕಳಿಸಿದ್ದರು. ಫಕೀರನಿಗೇ ಹೇಳಲು ಮರೆತಿದ್ದರು!

"ಈಗ ಹೇಳ್ತೇನೆಲ್ಲ, ತಗೋ," ಎಂದಳು ಮೌಲಾಬಿ. ಅವಳ ದನಿ ಯಾಕೋ ಮೆತ್ತಗಾಗಿತ್ತು. ನಿನ್ನೆಯ ತನಕ ಒಂದಕ್ಕಿಂತ ಹೆಚ್ಚು ಬೇಡವೆಂದವಳಿಗೆ ಆ ಒಂದೂ ಹೋಗುವುದಿಲ್ಲವೆಂದು ಗೊತ್ತಾದಾಗ ಗಂಡನ ಮುಖ ನೋಡಲಾಗಲಿಲ್ಲ.

"ನೀನ ಹೇಳಿದ್ದಿ, ಮುಟ್ಟಿದ್ರ ಕೈ ಸುಡತೈತಿ ಅಂತ," ಎಂದಳು ಫಕೀರಬಿ. ಐದು ವರ್ಷ ದಿನಾ ಕಲಿಸಿದ ಪಾಠ ಅಷ್ಟು ಚೆನ್ನಾಗಿ ಹತ್ತಿತ್ತು.

ಯಾಕೂಬಸಾಬ ಹಾಗೆಯೇ ಕೂತಿದ್ದ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಅಪ್ಪನನ್ನೂ ಲಂಗವನ್ನೂ ಒಂದೊಂದು ಸಲ ನೋಡಿದ ಫಕೀರಬಿಗೆ ಏನು ಹೊಳೆಯಿತೋ, "ಅಬ್ಬಾ, ನೀ ಅಲ್ಲೇ ಇರು" ಎಂದಳು. ಹೊಸ್ತಿಲು ದಾಟಿ ಹೊರಗೆ ಹೋದಳು. ಅಂಗಳಕ್ಕಿಳಿದು, ಜೋಳಿಗೆ ಹೆಗಲಿಗೇರಿಸಿ, ಇದುವರೆಗೆ ಬೇಡಿರದ ಒಂದೇ ಬಾಗಿಲಿನ ಮುಂದೆ ನಿಂತು ಕೂಗಿದಳು:

"ಮನ್ಯಾಗ ಯಾರದೀರಿ? ಫಕೀರ ಬಂದೀನ್ರೀ!"

ಯಾಕೂಬಸಾಬ ದಡಬಡಿಸಿ ಎದ್ದ. ಬಾಗಿಲಿಗೆ ಬಂದು ಲಂಗವನ್ನು ಜೋಳಿಗೆಯಲ್ಲಿ ಹಾಕಹೋದ. ಫಕೀರಬಿ ಜೋಳಿಗೆ ಸರಿಸಿ ಕೈಯನ್ನೇ ಒಡ್ಡಿದಳು. ಅಪ್ಪನ ಕೈಯಿಂದ ಮಗಳ ಕೈಗೆ ಬಂತು. ಅವಳು ಲಂಗವನ್ನು ಎದೆಗೆ ಒತ್ತಿಕೊಂಡು, ಯಾವ ಮನೆಯಲ್ಲಾದರೂ ಇಸಿದುಕೊಂಡ ಮೇಲೆ ಹೇಳುತ್ತಿದ್ದ ಮಾತನ್ನು ಇಲ್ಲಿಯೂ ಚಾಚೂ ತಪ್ಪದೆ ಹೇಳಿದಳು:

"ನಿಮ್ಮ ಮಕ್ಕಳು ಬಾಳ್ಲಿ."

ಯಾಕೂಬಸಾಬ ಬಾಗಿಲ ಚೌಕಟ್ಟು ಹಿಡಿದುಕೊಂಡ. ಹಿಂದೆ ಮೌಲಾಬಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಆಮೇಲೆ ನಾಗೊಂದಿಯ ಮೇಲೆ ಗಡಿಗೆಗಳು ಸರಿದ ಸಪ್ಪಳ, ಒಂದು ಗಡಿಗೆ ಒಡೆದ ಸಪ್ಪಳ.

ಅವಳು ಗಂಟು ಹಿಡಿದು ಬಂದಳು. "ಏನ್ರಿ, ಕುದುರಿ ಕೊಡ್ರಿ."

"ಒಂದ ಅಂದಿದ್ದಿ?"

"ಅಂದಿದ್ದೆ. ಈಗ ಕೊಡ್ರಿ ಅಂತೇನಿ. ಇನ್ನೊಮ್ಮಿ ಮಕ್ಕಳು ಬಾಳ್ಲಿ ಅಂತ ಅನ್ಲಿ ಕೂಸು."

ಯಾಕೂಬಸಾಬ ಕುದುರೆ ಹಿಡಿದು ಬಗ್ಗಿದ. ಫಕೀರಬಿ ಅದನ್ನು ಕಂಡು ಎಂಜಲು ನುಂಗಿದಳು. ಆದರೆ ತಲೆ ಅಲ್ಲಾಡಿಸಿದಳು. "ಒಂದ ಮನಿಗೆ ಒಂದ. ಎರಡು ಇಸ್ಕೊಂಡ್ರ ಆಸಿಬುರುಕ ಫಕೀರ ಅಂತಾರ." ಈ ನಿಯಮ ಕಲಿಸಿದವಳೂ ಮೌಲಾಬಿಯೇ. ಓಣಿಯವರ ಮೇಲೆ ಭಾರ ಬೀಳಬಾರದೆಂದು ಕಲಿಸಿದ್ದಳು.

ಈಗ ಅದೇ ಮೌಲಾಬಿ ಅತ್ತಿತ್ತ ನೋಡಿದಳು. ತಾನೇ ಕಟ್ಟಿದ ಗೋಡೆಯಲ್ಲಿ ಕಿಂಡಿ ಹುಡುಕುವವಳಂತೆ ಕಂಡಳು.

"ಹಿತ್ತಲಾಗ ಇನ್ನೊಂದ ಬಾಗಲಾ ಐತೆಲ್ಲ?" ಎಂದಳು. "ಆ ಕಡಿಂದ ಬಾ. ಅದು ಬ್ಯಾರೇ ಮನಿ."

ಫಕೀರಬಿ ಹುಬ್ಬು ಗಂಟಿಕ್ಕಿ ವಿಚಾರ ಮಾಡಿದಳು. ಬಾಗಿಲು ಬೇರೆ ಇದ್ದರೆ ಮನೆ ಬೇರೆ. ಪೀರನಿಗೂ ಇದರಲ್ಲಿ ತಕರಾರು ಇರಲಾರದು. ಲಂಗವನ್ನು ಜೋಳಿಗೆಗೆ ತುರುಕಿ, ಗೋಡೆಯ ಬದಿಯಿಂದ ಹಿತ್ತಲಿಗೆ ಓಡಿದಳು.

ಒಳಗೆ ಯಾಕೂಬಸಾಬ ಕುದುರೆ ಬಗಲಲ್ಲಿ ಹಿಡಿದು ಓಡಿದ. ಹಬ್ಬದ ಹಾಲು ಶಾವಿಗೆಯ ಸುರಕುಂಬದ ಪಾತ್ರೆಗೆ ಕಾಲು ತಾಗಿ ಅದು ಅರ್ಧ ಚೆಲ್ಲಿತು. ಒಂದು ಹನಿ ಹಾಲು ಹಾಳಾದರೂ ಮೂರು ದಿನ ನೆನೆಯುವ ಮೌಲಾಬಿ ಅದನ್ನು ದಾಟಿಕೊಂಡೇ ಬಂದಳು. ಅವಳ ಒಂದು ಕೈಯಲ್ಲಿ ಬಳೆ, ಇನ್ನೊಂದರಲ್ಲಿ ಚಪ್ಪಲಿ, ಬಾಯಲ್ಲಿ ಪೀಪಿ. ಪೀಪಿ ತೆಗೆದು, "ಕೊಟ್ಟು ಲಗೂನ ಸರೀರಿ, ಮುಂದ ನಂದೈತಿ" ಎಂದಳು.

"ನಿಂದಾದ ಮ್ಯಾಲ ಯಾವ ಬಾಗಲಾ?"

"ನಿಮ್ಮ ಬಣ್ಣದ ಹಂಡೆ ಐತೆಲ್ಲ, ಆ ಛಪ್ಪರದ್ದು. ಅದೂ ಬಾಗಲಾನ ಅಲ್ಲೇನು?"

ಹಿತ್ತಲ ಕದದ ಆಚೆ ಏದುಸಿರು ಕೇಳಿಸಿತು. ಜೋಳಿಗೆ ಸರಿಮಾಡಿಕೊಂಡ ಸದ್ದು. ಆಮೇಲೆ, ಪಕ್ಕಾ ಪರಊರಿನ ಫಕೀರನ ದನಿಯಲ್ಲಿ:

"ಮನ್ಯಾಗ ಯಾರದೀರಿ?"

"ನಾವ ಅದೇವಿ ಬಾ!" ಎಂದು ಮೌಲಾಬಿ ಆಚೆ ಓಣಿಗೆ ಕೇಳುವಂತೆ ಕೂಗಿದಳು.