ಸಕ್ರವ್ವನ ಗಿರಣಿಯ ತಂಬಿಗೆ

ಇಳಕಲ್ಲಿನಿಂದ ಹುನಗುಂದಕ್ಕೆ ಹೋಗುವ ರಸ್ತೆ ನಮ್ಮೂರ ಬಳಿ ಒಂದು ದಿನ್ನೆ ಹತ್ತಿ ಇಳಿಯುತ್ತದೆ. ದಿನ್ನೆಯ ಎಡಕ್ಕೆ ಸರಕಾರಿ ದವಾಖಾನೆ, ಅದರ ಮಗ್ಗುಲಿಗೇ ಶಾಲೆ. ರಸ್ತೆಯ ಇನ್ನೊಂದು ಬದಿಗೆ, ಇವೆರಡಕ್ಕೂ ಎದುರಾಗಿ, ಸಕ್ರವ್ವನ ಹಿಟ್ಟಿನ ಗಿರಣಿ. ಜಾಗಗಳನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಆದದ್ದೆಲ್ಲ ಇವು ಎದುರುಬದುರು ಇದ್ದದ್ದರಿಂದಲೇ ಆಯಿತು.

ಗಿರಣಿ ನಡೆಯುತ್ತಿದ್ದುದು ಡೀಸೆಲ್ ಇಂಜಿನ್ನಿನಿಂದ. ಹೊಗೆಯ ಕೊಳವೆ ಮೇಲಿನ ತಗಡು ದಾಟಿ ಆಳೆತ್ತರ ನಿಂತಿತ್ತು. ಅದರ ಬಾಯಿಗೆ ಸಕ್ರವ್ವನ ಗಂಡ ಯಮನಪ್ಪ ಹಿತ್ತಾಳೆಯ ತಂಬಿಗೆಯೊಂದನ್ನು ಬೋರಲು ಮಾಡಿ, ಹೊಗೆ ಹೋಗಲು ಸಂದು ಬಿಟ್ಟು, ತಂತಿಯಿಂದ ಬಿಗಿದಿದ್ದ. ಖಾಲಿ ಬಾಟಲಿಯ ಬಾಯಿಗೆ ಅಡ್ಡವಾಗಿ ಊದಿದರೆ ಒಳಗಿನ ಗಾಳಿ ಕೂಗುತ್ತದಲ್ಲ, ಹೆಚ್ಚುಕಡಿಮೆ ಅದೇ ತತ್ವ. ಇಂಜಿನ್ನಿನ ಒಂದೊಂದು ಉಸಿರೂ ತಂಬಿಗೆಗೆ ಬಡಿದು "ಕುಹೂಕ್, ಕುಹೂಕ್" ಎಂದು ಸೀಮೆಗೆಲ್ಲ ಕೇಳುತ್ತಿತ್ತು. ತಂಬಿಗೆ ಇಲ್ಲದಿದ್ದರೆ ಇಂಜಿನ್ ಬರೀ ಬುಸುಗುಡುತ್ತಿತ್ತು.

ಈ ಕೂಗೇ ಗಿರಣಿಯ ಬೋರ್ಡು. ಹಳ್ಳದಾಚೆಯ ಕುರುಬರ ಹಟ್ಟಿಯ ಹೆಂಗಸರು ಕೂಗು ಕಿವಿಗೆ ಬಿದ್ದ ಮೇಲೆಯೇ ಜೋಳದ ಬುಟ್ಟಿ ತಲೆಗೇರಿಸುತ್ತಿದ್ದರು. ಕೂಗು ಇಲ್ಲವೆಂದರೆ ಡೀಸೆಲ್ ತೀರಿದೆ, ಇಲ್ಲವೇ ಕಲ್ಲು ತಿರುಗಿಸುವ ಪಟ್ಟಾ ಹರಿದಿದೆ. ಅಷ್ಟು ದೂರ ಭಾರ ಹೊತ್ತು ಬಂದು ಸುಮ್ಮನೆ ತಿರುಗಿ ಹೋಗುವವರು ಯಾರು?

ಸಕ್ರವ್ವ ಎತ್ತರದ ಆಳು. ಹುಬ್ಬಿನ ಮೇಲೆ ಸದಾ ಹಿಟ್ಟು. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ದನಿ ಎಷ್ಟು ದೊಡ್ಡದಾಗಿತ್ತೆಂದರೆ, ಮನೆಯಲ್ಲಿ ಗಂಡನ ಕಿವಿಯಲ್ಲಿ ಗುಟ್ಟು ಹೇಳಿದರೂ ಬೀದಿಯ ನಾಯಿ ತಲೆ ಎತ್ತುತ್ತಿತ್ತು. ಎಂಬತ್ತೇಳರಲ್ಲಿ ಹೊಸ ಮಂಡಲ ಪಂಚಾಯಿತಿಗಳಿಗೆ ಚುನಾವಣೆ ಬಂತು. ಹೆಂಗಸರಿಗೆ ಮೀಸಲು ಜಾಗವಿದೆ ಎಂದು ಕೇಳಿದ್ದೇ ತಡ, ಇವಳು ಹಿಟ್ಟಿನ ಕೈಯಲ್ಲೇ ಹೋಗಿ ನಿಂತಳು. ಗೆದ್ದಳು ಕೂಡ.

"ಸಭಾದಾಗ ಏನ್ ಮಾಡ್ತಿ?" ಎಂದು ಯಮನಪ್ಪ ಕೇಳಿದ.

"ಮಾತಾಡ್ತೇನಿ."

"ಹಂಗಾರ ಹುನಗುಂದಕ್ಕೂ ಕೇಳತೈತಿ ಬಿಡು."

ಏನು ಮಾತಾಡಬೇಕೆಂಬುದು ಅವಳಿಗೆ ಆಗಲೇ ಗೊತ್ತಿತ್ತು. ಆ ವರ್ಷವೇ ಅವಳ ಮಗಳು ಶಾರವ್ವ ಎದುರಿನ ದವಾಖಾನೆಯಲ್ಲಿ ಹಡೆದಿದ್ದಳು. ನರ್ಸ್ ನಜಮಾ ಶಾರವ್ವನ ಹೊಟ್ಟೆಯ ಮೇಲೆ ಕೊಳವೆಯಿಟ್ಟು, ಕಿವಿಗೊಟ್ಟು, ಕೂಸಿನ ಎದೆಬಡಿತ ಹುಡುಕುತ್ತಿದ್ದಳು. ಎಲ್ಲರೂ ಸುಮ್ಮನಿರಲಿ ಎಂದು ಕೈ ಎತ್ತಿದ್ದಳು. ಇನ್ನೇನು ಸಿಕ್ಕಿತು ಎನ್ನುವಷ್ಟರಲ್ಲಿ ಕಲ್ಲಿನ ಲಾರಿಯೊಂದು ದಿನ್ನೆಯ ಮೇಲೆ ಹಾರ್ನ್ ಬಾರಿಸಿತು. ಮತ್ತೆ ಮೊದಲಿಂದ ಹುಡುಕು, ಮತ್ತೊಂದು ಲಾರಿ. ಕೂಸು ಸುಖವಾಗಿ ಹುಟ್ಟಿತು, ಆದರೆ ನಜಮಾಳ ಎತ್ತಿದ ಆ ಕೈ ಸಕ್ರವ್ವನ ಕಣ್ಣಿನಿಂದ ಹೋಗಲಿಲ್ಲ.

ಪಂಚಾಯಿತಿಗೆ ಇನ್ನೂ ಸ್ವಂತ ಕಟ್ಟಡವಿರಲಿಲ್ಲ. ರವಿವಾರ ಶಾಲೆಯ ಪಡಸಾಲೆಯಲ್ಲಿ ಸಭೆ. ಸಕ್ರವ್ವ ಎದ್ದು ನಿಂತು, ದಿನ್ನೆಯ ಮೇಲೆ ಯಾವ ಗಾಡಿಯೂ ಹಾರ್ನ್ ಹೊಡೆಯಕೂಡದು ಎಂದಳು. ಲಾರಿ ಮಾಲೀಕರು ಹಿಂದೆ ಕುಳಿತು ಗೊಣಗಿದರು. ಪ್ರಧಾನ ಪಾಂಡಪ್ಪ ಮೆತ್ತನೆಯ ಮನುಷ್ಯ, ಕಾರ್ಯದರ್ಶಿಯ ಕಡೆ ನೋಡಿದ. ಕಾರ್ಯದರ್ಶಿ ಅಚ್ಚುಕಟ್ಟಾಗಿ ಠರಾವು ಬರೆದು ಗಟ್ಟಿಯಾಗಿ ಓದಿದರು: ದವಾಖಾನೆ ಮತ್ತು ಶಾಲೆಯ ಎರಡೂ ಬದಿಗೆ ನೆಡುವ ಫಲಕಗಳ ನಡುವೆ ಯಾವುದೇ ವಾಹನ, ಮನೆ, ಅಂಗಡಿ, ಗಿರಣಿ, ಮೆರವಣಿಗೆ ದೊಡ್ಡ ಸಪ್ಪಳ ಮಾಡತಕ್ಕದ್ದಲ್ಲ.

ಆ ಹೊತ್ತಿಗೆ ಸಕ್ರವ್ವ ಲಾರಿ ಮಾಲೀಕರನ್ನು ದುರುಗುಟ್ಟಿ ನೋಡುವುದರಲ್ಲಿ ಮುಳುಗಿದ್ದಳು. ಒಪ್ಪಿಗೆ ಇದ್ದವರು ಕೈ ಎತ್ತಿರಿ ಎಂದಾಗ ಎರಡೂ ಕೈ ಎತ್ತಿದಳು.

ಫಲಕ ನೆಟ್ಟ ಮರುದಿನವೇ ನಜೀರಸಾಬನ ಲಾರಿ ಗಿರಣಿಯ ಮುಂದೆ ನಿಂತಿತು. ಮೂರು ದನಿಯ ಹಾರ್ನಿಗೆ ಹೆಸರಾದ ಡ್ರೈವರ್ ಅವನು. ಕೆಳಗಿಳಿದು, ಬಾಗಿಲಲ್ಲಿ ನಿಂತು, ಭಾಳ ಮರ್ಯಾದೆಯಿಂದ ಕೇಳಿದ.

"ಅಕ್ಕಾರ, ನನ್ನ ಬಾಯಿ ಮುಚ್ಚಿಸಿದ್ರಿ. ಭೇಷ್ ಆತು. ನಿಮ್ಮ ಮಾಳಿಗಿ ಮ್ಯಾಲೆ ಕೂಗೂದು ಯಾರು?"

"ಯಾರೂ ಇಲ್ಲಲ್ಲೋ" ಎಂದಳು ಸಕ್ರವ್ವ. ತಂಬಿಗೆ "ಕುಹೂಕ್" ಎಂದಿತು. ಅವಳು ಮೇಲೆ ನೋಡಿದಳು. ಎದುರಿನ ದವಾಖಾನೆ ನೋಡಿದಳು. ಮತ್ತೆ ಮೇಲೆ ನೋಡಿದಳು. ಇಷ್ಟು ವರ್ಷ ಅವಳ ಕಿವಿಗೆ ಅದು ಸಪ್ಪಳವೇ ಆಗಿರಲಿಲ್ಲ.

"ಇಂಜಿನ್ ಬಂದ್ ಮಾಡ್ರಿ!" ಎಂದು ಗಂಡನಿಗೆ ಕೂಗಿದಳು. "ಏಣಿ ತರ್ರಿ!"

"ತಂಬಿಗಿ ತಗದ್ರ ಗಿರಾಕಿ ಹೆಂಗ ಬರ್ತಾರ? ನಾ ಹತ್ತೂದಿಲ್ಲ" ಎಂದ ಯಮನಪ್ಪ.

ಸಕ್ರವ್ವ ಕಚ್ಚೆ ಬಿಗಿದು ತಾನೇ ಹತ್ತಿದಳು. ಕೊಳವೆ ಇನ್ನೂ ಕಾದಿತ್ತು. ಸೆರಗು ಸುತ್ತಿದ ಕೈಯಿಂದ ತಂತಿ ಬಿಚ್ಚಿ, ಇದ್ದಿಲಿನಂತಾಗಿದ್ದ ತಂಬಿಗೆಯನ್ನು ಕೆಳಗೆ ನಜೀರಸಾಬನ ಕಡೆಗೆ ಎಸೆದಳು. "ಹಿಡಿ! ಈಗ ಇಬ್ರೂ ಮೂಕರಾದ್ವಿ!"

ಅಂದಿನಿಂದ ಹಟ್ಟಿಯ ದಾರಿ ಬರಿದಾಯಿತು. ಗಿರಣಿ ಚಾಲೂ ಇದೆ ಎಂದು ಹೇಳಿಕಳಿಸಿದಳು. ಹೆಂಗಸರು ಬಂದ ದಿನವೇ ಪಟ್ಟಾ ಹರಿದಿತ್ತು. ಹಟ್ಟಿಯ ಬೋರವ್ವ ಬುಟ್ಟಿ ಇಳಿಸದೆಯೇ ಬೈದಳು: "ಕೂಗೂ ಗಿರಣಿ ಸುಳ್ಳು ಹೇಳ್ತಿರ್ಲಿಲ್ಲ. ಈ ಮೂಕ ಗಿರಣಿ ನಂಬಿ ಕುತ್ತಿಗಿ ಮುರೀತು." ಮುಂದೆ ಅವರು ಬಸ್ಸು ಹತ್ತಿ ಇಳಕಲ್ಲಿಗೇ ಹೋಗಿ ಬೀಸಿಸತೊಡಗಿದರು. ಇಂಜಿನ್ ಬುಸುಗುಡುತ್ತ ಖಾಲಿ ಕೂರುವ ದಿನಗಳು ಬಂದವು.

ಲಾರಿ ಮಾಲೀಕರಿಗೆ ಇದೇ ಬೇಕಿತ್ತು. ಕಾಯ್ದೆ ಮಾಡಿದವಳ ಹೊಟ್ಟೆಗೇ ಕಾಯ್ದೆ ಹೊಡೆಯಿತು ನೋಡಿರಿ, ಬರುವ ಸಭೆಯಲ್ಲಿ ಇದನ್ನು ರದ್ದು ಮಾಡಿರಿ ಎಂದು ಮನೆಮನೆಗೆ ಹೇಳಿಕೊಂಡು ಬಂದರು. ಪಾಂಡಪ್ಪ ಗಿರಣಿಗೇ ಬಂದ.

"ಯವ್ವಾ, 'ಗಿರಣಿ' ಅನ್ನೂ ಒಂದು ಮಾತು ತಗದ್ರಾತು. ನಿನ್ನ ತಂಬಿಗಿ ನಿನಗ, ಕಾಯ್ದೆ ಕಾಯ್ದೆಗೆ."

"ನನ್ನ ತಂಬಿಗಿ ಕೂಗಿದ್ರ ನಜೀರಸಾಬನ ಹಾರ್ನ್ ಸುಮ್ನಿರತೈತೇನ್ರಿ ಪ್ರಧಾನರ? ನಜಮಾಬಾಯಿ ಕಿವಿಗೆ ಎರಡೂ ಒಂದ."

"ಹಂಗಾರ ಗಿರಣಿ?"

ಸಪ್ಪಳವಿಲ್ಲದೆ ಗಿರಣಿ ನಡೆಯುತ್ತದೆ ಎಂದು ತೋರಿಸದಿದ್ದರೆ ಕಾಯ್ದೆ ಬೀಳುತ್ತದೆ. ಕಾಯ್ದೆ ಉಳಿದು ಗಿರಾಕಿ ಬರದಿದ್ದರೆ ಗಿರಣಿ ಬೀಳುತ್ತದೆ.

ಉತ್ತರ ಹೊಳೆದದ್ದು ಸಭೆಯ ದಿನ ಬೆಳಿಗ್ಗೆ, ಹಿತ್ತಲಲ್ಲಿ ಒಗೆದ ಬಟ್ಟೆ ಹಾಕುವಾಗ. ಗಾಳಿಗೆ ಧೋತರವೊಂದು ಪಟಪಟ ಹಾರಿತು. ಸಕ್ರವ್ವ ಬಟ್ಟೆಯನ್ನು ಅಲ್ಲೇ ಬಿಟ್ಟು ಓಡಿಬಂದಳು.

"ಕಿವಿಗೆ ಕೇಳಬಾರದು ಅಂದ್ರ ಕಣ್ಣಿಗೆ ಕಾಣಲಿ! ಬಾವುಟ! ಇಂಜಿನ್ ಚಾಲೂ ಆದ್ರ ಬಾವುಟ ಮ್ಯಾಲ, ಬಂದ್ ಆದ್ರ ಕೆಳಗ!"

ಯಮನಪ್ಪನಿಗೂ ಹುರುಪು ಬಂತು. ಬಿಳಿ ಬಟ್ಟೆ ಏರಿಸಿ ಹಳ್ಳದವರೆಗೆ ಓಡಿಹೋಗಿ ನೋಡಿದ. ಬಿಸಿಲಿನ ಆಕಾಶದಲ್ಲಿ ಅದು ಕರಗಿಹೋಗಿತ್ತು. ಹಸಿರು ಬಟ್ಟೆ ಗಿಡಗಳಲ್ಲಿ ಬೆರೆಯುತ್ತಿತ್ತು. ಹಿಂದಿನ ಕೆಂಪು ಕಲ್ಲಿನ ಗುಡ್ಡಕ್ಕೂ ನೀಲಿ ಆಕಾಶಕ್ಕೂ ಎದ್ದು ಕಾಣುವ ಬಣ್ಣ ಹಳದಿ. ಸಕ್ರವ್ವ ಧೋತರವನ್ನು ಅರಿಶಿನದ ನೀರಿಗೆ ಅದ್ದಿದಳು, ಬಿದಿರಿಗೆ ಕಟ್ಟಿದಳು, ಇಂಜಿನ್ ಶುರು ಮಾಡಿಸಿದಳು, ಏರಿಸಿದಳು. ಹಟ್ಟಿಗೆ ಹೇಳಿಕಳಿಸುವುದು ಆಮೇಲಿನ ಕೆಲಸವೆಂದು ನೇರ ಸಭೆಗೆ ಹೋದಳು. ಪಡಸಾಲೆಯಿಂದ ಬಾವುಟ ಚೆನ್ನಾಗಿ ಕಾಣುತ್ತಿತ್ತು. ಅವಳು ಅದರ ಕಡೆ ಕೈಮಾಡಿ ಮಾತು ಶುರುಮಾಡಿದಳು.

ಆಗ ಹಳ್ಳದ ಕಡೆಯಿಂದ ಡೊಳ್ಳು ಕೇಳಿಸಿತು.

ಮೊದಲು ಒಂದು, ಆಮೇಲೆ ಹತ್ತಾರು. ಹಟ್ಟಿಯ ಹಿರಿಯ ಕನಕಪ್ಪ ಮುಂದೆ, ಅವನ ಹಿಂದೆ ಡೊಳ್ಳು ಕಟ್ಟಿದ ಗಂಡಸರು, ಹಣೆತುಂಬ ಅರಿಶಿನದ ಭಂಡಾರ ಬಳಿದ ಹೆಂಗಸರು, ನಡುವೆ ಕುರಿಗಳು. ಗುಡುಗು ದಿನ್ನೆ ಹತ್ತತೊಡಗಿತು. ಹಟ್ಟಿಯವರಿಗೆ ಭಂಡಾರದ ಬಣ್ಣದ ಬಾವುಟ ಎಂದರೆ ಒಂದೇ ಅರ್ಥ: ಬೀರಪ್ಪ ದೇವರ ಪಲ್ಲಕ್ಕಿ ಹೊರಟಿದೆ, ಕೈಯಲ್ಲಿದ್ದದ್ದನ್ನು ಬಿಟ್ಟು ಬನ್ನಿ. ಈ ಸಂಗತಿ ಸಕ್ರವ್ವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಬೆಳಿಗ್ಗೆ ಅರಿಶಿನ ಅವಳಿಗೆ ಬರೀ ಬಣ್ಣವಾಗಿತ್ತು.

"ನಿಮ್ಮ ಸಪ್ಪಳಿಲ್ಲದ ಗಿರಣಿ ಭಾರೀ ಐತಿ ಬಿಡ್ರಿ!" ಎಂದು ಲಾರಿ ಮಾಲೀಕರು ನೆಲಕ್ಕೆ ಕೈ ಬಡಿದು ನಕ್ಕರು.

ಸಕ್ರವ್ವ ಪಡಸಾಲೆಯಿಂದ ಜಿಗಿದು ಓಡಿದಳು. ಫಲಕದ ಬಳಿ, ರಸ್ತೆಯ ನಟ್ಟನಡುವೆ, ಎರಡೂ ಕೈ ಎತ್ತಿ ನಿಂತಳು. ಅವಳ ದನಿ ಡೊಳ್ಳಿನ ಮೇಲೂ ಕೇಳಿತು.

"ಕನಕಪ್ಪಣ್ಣಾ, ನಿಂದ್ರಸೋ! ದೇವರು ಹೊಂಟಿಲ್ಲ!"

ಡೊಳ್ಳು ನಿಂತಿತು. "ಮತ್ತ ಆ ಬಾವುಟ?"

"ಗಿರಣಿ ಚಾಲೂ ಐತಿ ಅಂತ ಹಾಕೀನಿ!"

ಬೋರವ್ವ ಮುಂದೆ ಬಂದಳು. "ಹಾಟ್ಯಾನಕಿ, ಮೊದಲ ಹೇಳಬಾರದ? ಕುರಿ ಬದಲಿ ಜ್ವಾಳ ತರ್ತಿದ್ವಲ್ಲ!" ಗುಂಪೆಲ್ಲ ನಕ್ಕಿತು. ಕನಕಪ್ಪ ಮಾತ್ರ ನಗಲಿಲ್ಲ.

"ದೇವರ ಹೆಸರಿಲೆ ಹೆಗಲಿಗೆ ಬಂದ ಡೊಳ್ಳು, ತಂಗಿ. ಗುಡೀ ಮಟ ಹೋಗದ ಇಳಿಸಾಕ ಬರೂದಿಲ್ಲ." ಬೀರಪ್ಪನ ಗುಡಿ ದಿನ್ನೆಯ ಆಚೆಗಿತ್ತು. ದಾರಿ ಎರಡು ಫಲಕಗಳ ನಡುವೆಯೇ.

"ಹೋಗ್ರಿ, ಬ್ಯಾಡನ್ನೂದಿಲ್ಲ" ಎಂದಳು ಸಕ್ರವ್ವ. ಅವಳ ದನಿ ಮೊದಲ ಸಲ ಇಳಿದಿತ್ತು. "ಒಳಗ ಬಸರಿ ಹೆಣ್ಮಕ್ಕಳು ಅದಾರ. ನಜಮಾಬಾಯಿ ಅವರ ಹೊಟ್ಟ್ಯಾಗಿನ ಕೂಸಿನ ಎದಿ ಕೇಳತಾಳ. ಅದೂ ಒಂದು ಡೊಳ್ಳ ಅಲ್ಲೇನಣ್ಣಾ? ಆ ಫಲಕದಿಂದ ಈ ಫಲಕದ ಮಟ ಅದಕ್ಕ ದಾರಿ ಬಿಡ್ರಿ."

ಕನಕಪ್ಪ ತನ್ನ ಡೊಳ್ಳಿನ ಎರಡೂ ಚರ್ಮದ ಮೇಲೆ ಅಂಗೈ ಒತ್ತಿದ. ಹಿಂದಿನವರೂ ಒತ್ತಿದರು. ಗೆಜ್ಜೆ ಕಟ್ಟಿದವರು ಬಿಚ್ಚಿ ಮುಷ್ಟಿಯಲ್ಲಿ ಹಿಡಿದರು. ಹೆಂಗಸರು ಕುರಿಗಳ ಕೊರಳ ಗಂಟೆಯೊಳಗೆ ಹುಲ್ಲು ತುರುಕಿದರು. ಮೆರವಣಿಗೆ ಹೊರಟಿತು. ಅಷ್ಟೂ ಡೊಳ್ಳುಗಳು, ಬರೀ ಕಾಲಿನ ಸದ್ದು.

ಅದರ ಹಿಂದೆ ನಜೀರಸಾಬನ ಲಾರಿ ಬಂದು ಸಿಕ್ಕಿಕೊಂಡಿತು. ಅವನ ಕೈ ಹಾರ್ನಿನ ಮೇಲಿತ್ತು. ಸಕ್ರವ್ವ ಅವನನ್ನು ನೋಡಿದಳು. ಅವನು ಕೈ ತೆಗೆದು, ಬೀಡಿ ಹಚ್ಚಿ, ಕುರಿಗಳ ಹಿಂದೆ ಕುರಿಯಂತೆಯೇ ಲಾರಿ ನಡೆಸಿದ.

ಅಷ್ಟರಲ್ಲಿ ದವಾಖಾನೆಯ ಬಾಗಿಲು ದಡಾರನೆ ತೆರೆಯಿತು. ನಜಮಾ ಹೊರಗೋಡಿ ಬಂದಳು. "ಏನಾತ್ರಿ? ಯಾಕ ಎಲ್ಲಾರೂ ಸುಮ್ನಾದ್ರಿ? ಯಾರಿಗೇನಾತು?"

ನಗು ತಡೆಯಲಾರದೆ ಜನ ಸೆರಗು, ರುಮಾಲು ಬಾಯಿಗೆ ತುರುಕಿಕೊಂಡರು. ಸಕ್ರವ್ವ ತುಟಿಯ ಮೇಲೆ ಬೆರಳಿಟ್ಟು ನಜಮಾಳಿಗೆ ಒಳಗೆ ಹೋಗಲು ಸನ್ನೆ ಮಾಡಿದಳು. ಆಚೆಯ ಫಲಕ ದಾಟಿದ್ದೇ ತಡ, ಕನಕಪ್ಪ ಬಾರಿಸಿದ ಮೊದಲ ಪೆಟ್ಟಿಗೆ ಗುಡಿಯ ಬೇವಿನ ಮರದ ಹಕ್ಕಿಗಳೆಲ್ಲ ಎದ್ದವು.

ಸಭೆ ಮತ್ತೆ ಕೂತಿತು. ದೇವರ ಡೊಳ್ಳೇ ಸುಮ್ಮನೆ ದಾಟಿಹೋದ ಜಾಗದಲ್ಲಿ ತಮ್ಮ ಹಾರ್ನ್ ಬೇಕು ಎನ್ನಲು ಲಾರಿ ಮಾಲೀಕರಿಗೆ ಬಾಯಿ ಬರಲಿಲ್ಲ. ಕಾಯ್ದೆ ಇದ್ದ ಹಾಗೆಯೇ ಇರಲಿ ಎನ್ನುವವರು ಕೈ ಎತ್ತಿರಿ ಎಂದ ಪಾಂಡಪ್ಪ.

"ತಡೀರಿ" ಎಂದಳು ಸಕ್ರವ್ವ. "ಮೊದಲ ಇನ್ನೊಮ್ಮೆ ಓದ್ರಿ. ಈ ಸಲ ಕೇಳತೇನಿ."

ಕಾರ್ಯದರ್ಶಿ ಓದಿದರು. 'ಗಿರಣಿ' ಬಂದಾಗ ಅವಳು ತಲೆಯಾಡಿಸಿದಳು. ಆಮೇಲೆ ಒಂದೇ ಕೈ ಎತ್ತಿದಳು. ಅವಳ ಸುತ್ತ ಸಾಕಷ್ಟು ಕೈಗಳು ಎದ್ದವು.

ಹಳದಿ ದೇವರದು, ಅದನ್ನು ಇಳಿಸು ಎಂದು ಕನಕಪ್ಪ ಹೇಳಿಕಳಿಸಿದ್ದ. ಸಂಜೆ ಬೋರವ್ವ ಮತ್ತು ಸಕ್ರವ್ವ ಕೂತು ಬಣ್ಣ ಹುಡುಕಿದರು. ಕೊನೆಗೆ ಸಕ್ರವ್ವ ತನ್ನ ಮದುವೆಯ ಇಳಕಲ್ ಸೀರೆ ತೆಗೆದಳು. ಒಡಲು ಜೀರ್ಣವಾಗಿತ್ತು. ಕೆಂಪಿನ ನಡುವೆ ಬಿಳಿ ತೆನೆಗಳನ್ನು ನೇಯ್ದಿದ್ದ ಸೆರಗು ಮಾತ್ರ ಹೊಸದರಂತಿತ್ತು. ಹಿಂದಿನ ಗುಡ್ಡ ಕೆಂಪಾದರೂ ಆ ಬಿಳಿ ತೆನೆಗಳು ದೂರಕ್ಕೆ ಮಿನುಗುತ್ತಿದ್ದವು. ಅದನ್ನು ಕತ್ತರಿಸುವಾಗ ಯಮನಪ್ಪ ಮುಖ ತಿರುಗಿಸಿದ.

"ಯಾಕ್ರಿ?"

"ಏನಿಲ್ಲ. ಎಲ್ಲಾರೂ ಸೀರಿ ಉಡತಾರ, ನೀ ಹಾರಸ್ತಿ."

ಮರುದಿನ ಸೆರಗು ಮೇಲೇರಿತು. ಯಮನಪ್ಪ ಬಾಗಿಲಲ್ಲಿ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು, ಹಳ್ಳದ ಕಡೆಯೇ ನೋಡುತ್ತಿದ್ದ. ಇಂಜಿನ್ ಬುಸುಗುಡುತ್ತಿತ್ತು. ಆಮೇಲೆ ಅವನು ಒಳಗೋಡಿ ಬಂದು ಹೆಂಡತಿಯ ಕಿವಿಯ ಬಳಿ ಬಾಗಿದ. ಮಾತಾಡಬೇಕಾಗಿ ಬರಲಿಲ್ಲ, ಅವನ ಮುಖ ನೋಡಿಯೇ ಸಕ್ರವ್ವ ಕೈ ಒರೆಸಿಕೊಂಡು ಎದ್ದಳು. ಹಳ್ಳ ದಾಟಿ, ಒಂದರ ಹಿಂದೊಂದು, ಬುಟ್ಟಿಗಳು ದಿನ್ನೆ ಹತ್ತುತ್ತಿದ್ದವು.