ಹದ್ದಿಗೆ ಬುತ್ತಿ

ಹರಪನಹಳ್ಳಿಯ ಕೋಳಿ ಅಂಗಡಿ ಮುಂದೆ ನಾನು ಸ್ಕೂಟಿ ನಿಲ್ಲಿಸಿದಾಗ ಮಾಲೀಕ ರಫೀಕಣ್ಣ ಕತ್ತಿ ಕೆಳಗಿಟ್ಟು, "ಯಾರ ಮನಿ ಹುಡುಕಾಕತ್ತೀರಿ ಅಕ್ಕಾರ?" ಎಂದರು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ ಇದ್ದವಳು ಅಲ್ಲಿಗೆ ಇನ್ಯಾಕೆ ಹೋದಾಳು! "ಕಾಲು ಕಿಲೋ ಮಾಂಸ ಕೊಡ್ರಿ, ಹದ್ದಿಗೆ" ಎಂದೆ.

ಗಾಳಿಪಟದ ದಾರಕ್ಕೆ ರೆಕ್ಕೆ ಸಿಕ್ಕಿ ನಮ್ಮ ಮಾಳಿಗೆ ಮೇಲೆ ಬಿದ್ದಿದ್ದ ಹದ್ದನ್ನು ಊರಾಚೆಯ ವನ್ಯಜೀವಿ ಆರೈಕೆ ಕೇಂದ್ರಕ್ಕೆ ಮುಟ್ಟಿಸಿದವಳು ನಾನೇ. ಮರುದಿನ ಅದಕ್ಕೆಂದು ಮೊಸರನ್ನ ಕಲಸಿ ಒಯ್ದಿದ್ದೆ. ಹದ್ದು ಮುಖ ತಿರುಗಿಸಿತು. "ಮಾಂಸ ತಿನ್ನದಿದ್ರ ಉಳಿಯಂಗಿಲ್ರಿ. ದಿನಾ ತಂದುಕೊಡೋರೂ ಇಲ್ಲ" ಎಂದರು ಅಲ್ಲಿ ನೋಡಿಕೊಳ್ಳುವವರು. ಇಲ್ಲ ಅಂದರೆ? ನಾನಿದ್ದೆನಲ್ಲ!

ದಿನಾ ಒಯ್ದೆ. ಅತ್ತೆ ಮುಖ ಊದಿಸಿಕೊಂಡರು, ಊದಿಸಿಕೊಳ್ಳಲಿ ಎಂದು ಬಿಟ್ಟೆ. ಸೋಮವಾರ ರಫೀಕಣ್ಣನೇ, "ಇವತ್ತು ನಿಮಗ ನೇಮ ಐತಿ, ನಾನೇ ಕೊಟ್ಟು ಬರ್ತೀನಿ" ಎಂದರು. "ಹದ್ದಿಗೆ ಸೋಮವಾರ ಐತೇನ್ರಿ?" ಎಂದು ಚೀಲ ಇಸ್ಕೊಂಡೆ.

ಹದ್ದು ಹಾರಿಹೋಗಿ ತಿಂಗಳಾಯಿತು. ಈಗ ಕೇಂದ್ರದಲ್ಲಿ ಕಾಲು ಮುರಿದ ಗೂಬೆಯೊಂದಿದೆ. ನನ್ನ ಸ್ಕೂಟಿ ಕಂಡರೆ ರಫೀಕಣ್ಣ ಈಗ ಯಾರ ಮನೆ ಎಂದು ಕೇಳುವುದಿಲ್ಲ, "ಇವತ್ತು ಯಾರಿಗ್ರಿ ಅಕ್ಕಾರ?" ಎನ್ನುತ್ತಾರೆ.